ಜೋಳದ ನಾಡಿನಲ್ಲಿ ಗೋಧಿ ಬೇಡ ಅಂದವರ ಊಟ

ಇವತ್ತು ವಿಧಾನಸೌಧದ ಸುದ್ದಿ ಬೇಡ. ಇವತ್ತು ಊಟದ ಮಾತಾಡೋಣ. ಮನೆಯ ಊಟ ಅಲ್ಲ, ಹೊರಗಿನ ಊಟ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇಷ್ಟು ಊರುಗಳನ್ನು ಕಣ್ಮುಂದೆ ಇಟ್ಟುಕೊಳ್ಳಿ. ಗೋಧಿಯ ಒಂದು ಕಣವೂ ಹೊಟ್ಟೆಗೆ ಹೋಗಬಾರದು ಅಂತ ಡಾಕ್ಟರ್ ಬರೆದುಕೊಟ್ಟ ಮನುಷ್ಯ ಈ ಊರುಗಳಲ್ಲಿ ಬಸ್ ಇಳಿದು ಎಲ್ಲಿ ಉಣ್ಣಬೇಕು? ಇದು ಪ್ರಶ್ನೆ.

"ಗ್ಲುಟೆನ್ ಫ್ರೀ" ಅಂದ ತಕ್ಷಣ ಕೆಲವರು ನಗ್ತೀರಿ, ಗೊತ್ತು. ಬೆಂಗಳೂರಿನ ಶ್ರೀಮಂತರ ಶೋಕಿ, ಸಿನಿಮಾ ನಟಿಯರ ಡಯಟ್ಟು ಅಂತ. ಅರ್ಧ ನಿಜ. ಕಾಯಿಲೆಯೇ ಇಲ್ಲದವರು ಫ್ಯಾಷನ್ನಿಗೆ ಗೋಧಿ ಬಿಟ್ಟು ಊರೆಲ್ಲ ಹೇಳಿಕೊಂಡು ತಿರುಗಿದ್ದರಿಂದಲೇ ನಿಜವಾದ ರೋಗಿಯ ಮಾತಿಗೆ ಬೆಲೆ ಇಲ್ಲದಂತಾಗಿದೆ. ಆದರೆ ಸೀಲಿಯಾಕ್ ಅನ್ನುವ ಕಾಯಿಲೆ ಶೋಕಿ ಅಲ್ಲ. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಹೊಟ್ಟೆಗೆ ಹೋದ ಕೂಡಲೇ ಇಂಥವರ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ಯುದ್ಧ ಸಾರುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸತ್ವ ಹೀರಿಕೊಳ್ಳುವ ಸಣ್ಣ ಸಣ್ಣ ಬೆರಳಿನಂಥ ಎಳೆಗಳಿರ್ತವೆ, ಅವು ಸವೆದು ಚಪ್ಪಟೆಯಾಗ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತೋದಿಲ್ಲ. ಭೇದಿ, ಹೊಟ್ಟೆ ಉಬ್ಬರ, ಬೆಳೆಯದ ಮಕ್ಕಳು, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ. ಇದಕ್ಕೆ ಔಷಧಿ ಒಂದೇ: ಬದುಕಿರೋ ತನಕ ಗ್ಲುಟೆನ್ ಮುಟ್ಟದಿರುವುದು. "ಒಂದಿನ ತಿಂದ್ರೆ ಏನಾಗತ್ತೆ" ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ.

ಗೋಧಿಯೇ ಕಾರಣ ಅಂತ ಖಚಿತವಾಗಿ ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ, ಎರಡನೇ ಮಹಾಯುದ್ಧದ ಕೊನೆಗೆ, ಅಲ್ಲಿ ಬ್ರೆಡ್ ಸಿಗದೇ ಜನ ಹಸಿವಿನಿಂದ ಸತ್ತರು. ಅಂಥ ಕಾಲದಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂತು, ಕಾಯಿಲೆಯೂ ಮತ್ತೆ ಬಂತು.

ನಮ್ಮ ದೇಶದ ಲೆಕ್ಕ ನೋಡಿ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ದಕ್ಷಿಣದ ಲೆಕ್ಕ ಸಿಕ್ಕಿದ್ದು ಎಲ್ಲಿ? ವೆಲ್ಲೂರಿನಲ್ಲಿ. ಅನ್ನ ಉಣ್ಣುವ ಊರಿನಲ್ಲಿ. ಗದಗಿನ ತಾಟಿನಲ್ಲಿ ಅನ್ನದ ಜೊತೆ ಚಪಾತಿ ಇದೆ, ಉಪ್ಪಿಟ್ಟಿದೆ, ಸಿರಾ ಇದೆ, ಹುಗ್ಗಿ ಇದೆ. ವೆಲ್ಲೂರಿನ ಲೆಕ್ಕವನ್ನು ಹಾಗೇ ಎತ್ತಿ ಗದಗಕ್ಕೆ ಹಚ್ಚೋಕಾಗೋದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹೋಗಲಿ, ಸಾವಿರಕ್ಕೆ ಒಬ್ಬರೇ ಅನ್ನಿ. ಆ ಲೆಕ್ಕದಲ್ಲೂ ಒಂದು ಲಕ್ಷ ಜನಕ್ಕೆ ನೂರು ಮಂದಿ ಆಗ್ತಾರೆ. ಅವರಲ್ಲಿ ಎಷ್ಟು ಮಂದಿಗೆ ತಮ್ಮ ಕಾಯಿಲೆಯ ಹೆಸರು ಗೊತ್ತಿದೆ?

ಈಗ ಊಟಕ್ಕೆ ಬರೋಣ. ತಮಾಷೆ ಏನು ಅಂದ್ರೆ, ಇಂಥ ರೋಗಿಗೆ ಇಡೀ ಭಾರತದಲ್ಲಿ ಹೇಳಿ ಮಾಡಿಸಿದಂಥ ಊಟ ಎಲ್ಲಿದೆ ಅಂತ ಕೇಳಿದರೆ ಗದಗ ಜಿಲ್ಲೆಯನ್ನೇ ತೋರಿಸಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ. ಸಜ್ಜೆಯಲ್ಲಿ ಇಲ್ಲ, ನವಣೆಯಲ್ಲಿ ಇಲ್ಲ, ಅಕ್ಕಿ, ಕಡಲೆ, ಹೆಸರು ಯಾವುದರಲ್ಲೂ ಇಲ್ಲ. ಬಿಸಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಝುಣಕ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗಟ್ಟಿ ಮೊಸರು. ಬೆಂಗಳೂರಿನ ಮಾಲ್‌ಗಳಲ್ಲಿ "ಗ್ಲುಟೆನ್ ಫ್ರೀ" ಅಂತ ಚೀಟಿ ಅಂಟಿಸಿ ದುಬಾರಿ ದುಡ್ಡಿಗೆ ಮಾರುವುದನ್ನು ನಮ್ಮ ಅವ್ವಂದಿರು ಎಸರು ಹಾಕಿ, ನಾದಿ, ಬಡಿದು, ಹಂಚಿನ ಮೇಲೆ ಸುಟ್ಟು ಹಾಕ್ತಾ ಬಂದಿದ್ದಾರೆ.

ಹಾಗಾದ್ರೆ ತೊಂದರೆ ಎಲ್ಲಿ?

ತೊಂದರೆ ಇರೋದು ಆ ಎಸರಿನಲ್ಲೇ. ಗೋಧಿ ಹಿಟ್ಟು ಹರಿಯದೆ ಎಳೆದಂಗೆ ಬರುತ್ತಲ್ಲ, ಅದು ಗ್ಲುಟೆನ್ ಕೆಲಸ. ಜೋಳಕ್ಕೆ ಆ ಅಂಟಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ, ಅಷ್ಟರಲ್ಲಿ ಕೈ ಚುರುಕಾಗಿ ಬಡೀಬೇಕು. ಹಿಟ್ಟು ಹಳೇದಾದರೆ ಆ ಜಿಗಿಯೂ ಹೋಯ್ತು, ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಬಡಿಯೋ ಕೈಗಳು ಕಡಿಮೆಯಾಗಿವೆ. ಮಧ್ಯಾಹ್ನ ಒಂದು ಗಂಟೆಗೆ ನೂರು ಜನ ಬಂದು ಕೂತಾಗ ಖಾನಾವಳಿಯವರು ಏನು ಮಾಡ್ತಾರೆ? ಒಂದು ಮುಷ್ಟಿ ಗೋಧಿ ಹಿಟ್ಟು ಕೂಡಿಸಿ ಲಟ್ಟಣಿಗೆಯಲ್ಲಿ ಲಟ್ಟಿಸಿಬಿಡ್ತಾರೆ. ಮೋಸ ಅಂತ ನಾನು ಹೇಳೋದಿಲ್ಲ. ರೊಟ್ಟಿ ಹರೀಬಾರದು ಅಂತ ಮಾಡಿದ್ದು. ತಿನ್ನುವವರಿಗೆ ರುಚಿಯಲ್ಲಿ ಗೊತ್ತೂ ಆಗೋದಿಲ್ಲ. ಎಲ್ಲರೂ ಹೀಗೆ ಮಾಡೋದಿಲ್ಲ, ಅಚ್ಚ ಜೋಳದ ರೊಟ್ಟಿಯನ್ನೇ ಬಡಿಯುವ ಖಾನಾವಳಿಗಳು ಬೇಕಾದಷ್ಟಿವೆ. ಆದರೆ ಯಾವುದು ಯಾವುದು ಅಂತ ಬೋರ್ಡ್ ನೋಡಿ ಹೇಳೋಕಾಗೋದಿಲ್ಲ.

ಎರಡನೇದು ಹಂಚು. ಚಪಾತಿ ಬೇಯಿಸಿದ ಹಂಚಿನ ಮೇಲೇ ರೊಟ್ಟಿ. ಚಪಾತಿ ಲಟ್ಟಿಸಿದ ಪರಾತ, ಅದೇ ಹಿಟ್ಟು ಮೆತ್ತಿದ ಕೈ. ಅದಕ್ಕಿಂತ ಹಿಂದೆ ಹೋದರೆ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಮೊದಲು ಬರುವ ಹಿಟ್ಟಿನಲ್ಲಿ ಗೋಧಿ ಇದ್ದೇ ಇರುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ "ಗ್ಲುಟೆನ್ ಫ್ರೀ" ಅನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಚಿಟಿಕೆ ಹಿಟ್ಟು ಅದನ್ನು ದಾಟಿಸುತ್ತದೆ.

ಮೂರನೇದು ಇಂಗು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಬರೀ ಇಂಗಲ್ಲ. ಅಚ್ಚ ಇಂಗಿನ ಘಾಟು ಜಾಸ್ತಿ, ಹಾಗಾಗಿ ಗೋಂದು ಮತ್ತು ಹಿಟ್ಟು ಬೆರೆಸಿ ಪುಡಿ ಮಾಡಿರ್ತಾರೆ. ಆ ಹಿಟ್ಟು ಬಹಳ ಸಲ ಗೋಧಿ ಇಲ್ಲವೇ ಮೈದಾ. ಸಾರಿಗೆ, ಬ್ಯಾಳಿಗೆ, ಚಟ್ನಿ ಪುಡಿಗೆ, ಉಪ್ಪಿನಕಾಯಿಗೆ ಎಲ್ಲಾ ಕಡೆ ಬಿತ್ತು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರ್ತದೆ. ಖಾನಾವಳಿಯ ಒಲೆ ಮುಂದೆ ನಿಂತವರಿಗೆ ಅದನ್ನು ಓದೋಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಸಂಜೆ ಬೆಟಗೇರಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಗಿರ್ಮಿಟ್ಟು ಮತ್ತು ಮಿರ್ಚಿ. ಮಂಡಕ್ಕಿ ಅಕ್ಕಿಯದು, ಪುಟಾಣಿ ಹಿಟ್ಟು ಕಡಲೆಯದು, ಗಿರ್ಮಿಟ್ಟಿಗೆ ಭಯ ಕಡಿಮೆ. ಮಿರ್ಚಿ, ಬದನೆಕಾಯಿ ಭಜಿಗೆ ಕಡಲೆ ಹಿಟ್ಟು ಸರಿ. ಆದರೆ ಅದೇ ಬಾಣಲೆಯ ಎಣ್ಣೆಯಲ್ಲಿ ಸ್ವಲ್ಪ ಮುಂಚೆ ಪೂರಿ ಕರಿದಿದ್ದರೆ, ಮೈದಾ ಹಿಟ್ಟಿನ ಬೋಂಡಾ ಬಿಟ್ಟಿದ್ದರೆ? ಮುಗೀತು. ಸಾವಜಿ ಖಾನಾವಳಿಗೆ ಹೋದರೆ ಮಟನ್ನಿನಲ್ಲಿ ಗೋಧಿಗೆ ಕೆಲಸವಿಲ್ಲ, ರೊಟ್ಟಿ ಮತ್ತು ಹಂಚಿನ ಬಗ್ಗೆ ಕೇಳಿದರೆ ಆಯ್ತು, ಖೀಮಾ ಉಂಡೆಗೆ ಯಾವ ಹಿಟ್ಟು ಅಂತಲೂ ಒಂದು ಮಾತು ಕೇಳಿಬಿಡಿ. ಗೋಬಿ ಮಂಚೂರಿ ಗಾಡಿಯ ಹತ್ತಿರ ಮಾತ್ರ ನಿಲ್ಲಲೇಬೇಡಿ. ಮೈದಾ ಕೋಟಿಂಗು, ಸೋಯಾ ಸಾಸ್‌ನಲ್ಲೂ ಗೋಧಿ. 2024ರಲ್ಲಿ ಸರ್ಕಾರ ಮಂಚೂರಿಗೆ ಹಾಕುವ ಕೃತಕ ಬಣ್ಣ ನಿಷೇಧ ಮಾಡಿದಾಗ ನಾವೆಲ್ಲ ಚಾನೆಲ್‌ಗಳಲ್ಲಿ ದಿನಗಟ್ಟಲೆ ಕೂಗಾಡಿದ್ವಿ. ಹಿಟ್ಟಿನ ಬಗ್ಗೆ ಯಾರೂ ಕೂಗಲಿಲ್ಲ.

ಇದೆಲ್ಲ ಅಡುಗೆಮನೆಯ ಮಾತಾಯ್ತು. ನನಗೆ ಇದಕ್ಕಿಂತ ಕಷ್ಟ ಅನ್ನಿಸೋದು ಮರ್ಯಾದೆಯ ಮಾತು. ನಮ್ಮ ಉತ್ತರ ಕರ್ನಾಟಕದಲ್ಲಿ ರೊಟ್ಟಿ ದಿನದ ಊಟ, ಗೋಧಿ ಹಬ್ಬದ ಊಟ. ಬೀಗರು ಬಂದರೆ ಚಪಾತಿ. ಮದುವೆಗೆ ಗೋಧಿ ಹುಗ್ಗಿ. ಹಬ್ಬಕ್ಕೆ ಹೋಳಿಗೆ, ಶಾವಿಗೆ ಪಾಯಸ, ಮಾದ್ಲಿ. ಲಕ್ಷ್ಮೇಶ್ವರದ ಹತ್ತು ವರ್ಷದ ಹುಡುಗ ಒಬ್ಬ ಇದ್ದಾನೆ ಅಂದ್ಕೊಳ್ಳಿ, ಈ ಕಾಯಿಲೆಯವನು. ಸೋದರಮಾವನ ಮನೆಗೆ ಹೋಗ್ತಾನೆ. "ನನಗ ಹೋಳ್ಗಿ ಬ್ಯಾಡ್ರಿ ಅತ್ತಿ, ರೊಟ್ಟಿ ಕೊಡ್ರಿ" ಅಂತಾನೆ. ಅತ್ತೆಗೆ ಏನನ್ನಿಸಬೇಕು? ಹಬ್ಬದ ದಿನ ಮನೆಗೆ ಬಂದ ಕೂಸಿಗೆ ರೊಟ್ಟಿ ಹಾಕೋದಾ? ಊರು ಏನಂದೀತು? "ತಿನ್ನೋ ತಮ್ಮಾ, ಒಂದs ಒಂದು, ತುಪ್ಪ ಹಾಕೇನಿ" ಅಂತ ಪ್ರೀತಿಯಿಂದಲೇ ಬಡಿಸ್ತಾಳೆ. ಹುಡುಗ ಪ್ರೀತಿಗೆ ತಿಂತಾನೆ. ಆಮೇಲೆ ವಾರಗಟ್ಟಲೆ ಅನುಭವಿಸ್ತಾನೆ. ಖಾನಾವಳಿಯಲ್ಲೂ ಇದೇ ಕಥೆ. ಬಡಿಸುವವರು ಕೇಳದೇನೇ ತಾಟಿಗೆ ಚಪಾತಿ ಹಾಕಿಬಿಡ್ತಾರೆ, ಅದು ಉಪಚಾರ. ತಾಟಿನಿಂದ ಚಪಾತಿ ತೆಗೆದಿಟ್ಟರೆ ಮುಗಿಯೋದಿಲ್ಲ, ತಾಟೇ ಬದಲಾಗಬೇಕು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಇದೇನ್ರಿ ಮಡಿ ಅಂತ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇವತ್ತು ಬಿಡಿಸಿಬಿಡ್ತೀನಿ. ಜವೆ ಗೋಧಿ ಅಥವಾ ಸದಕ ಅಂತೀವಲ್ಲ, ಆ ಹಳೇ ತಳಿಯ ಗೋಧಿ ತಿಂದರೆ ಏನೂ ಆಗೋದಿಲ್ಲ ಅಂತ ಕೆಲವರು ಹೇಳ್ತಾರೆ. ಒಳ್ಳೇ ಧಾನ್ಯ, ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಅದರ ಸುಧಾರಿತ ತಳಿಗಳನ್ನು ಬಿಟ್ಟಿದೆ, ಬೇರೆಯವರು ಧಾರಾಳವಾಗಿ ತಿನ್ನಲಿ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇರುವವರಿಗೆ ಬೇಡವೇ ಬೇಡ. ಹಾಗೇ ಇವತ್ತಿನ ಮಾತು ಕೇಳಿ ನಾಳೆಯಿಂದಲೇ ಗೋಧಿ ಬಿಡೋಕೆ ಹೋಗಬೇಡಿ. ಅನುಮಾನ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಬೇಕು ಅಂದರೆ ಎಂಡೋಸ್ಕೋಪಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು.

ಕಾನೂನು ಏನು ಹೇಳುತ್ತೆ? 2020ರ ನಿಯಮದ ಪ್ರಕಾರ ಕೇಂದ್ರದ ಲೈಸೆನ್ಸ್ ಇರುವ, ಇಲ್ಲವೇ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ತಿಂಡಿಯಲ್ಲಿ ಗೋಧಿಯಂಥ ಅಲರ್ಜಿ ಪದಾರ್ಥ ಇದ್ದರೆ ಗಿರಾಕಿಗೆ ತಿಳಿಸಬೇಕು. ಪಿಜ್ಜಾ ಕಂಪನಿಗೆ ಈ ನಿಯಮ ಅನ್ವಯಿಸುತ್ತೆ. ಮುಂಡರಗಿಯ ಖಾನಾವಳಿಗೆ ಅನ್ವಯಿಸೋದಿಲ್ಲ. ಗೋಧಿ ಬೇಡ ಅನ್ನುವವನಿಗೆ ಪಿಜ್ಜಾ ಅಂಗಡಿಯಲ್ಲಿ ಚೀಟಿ ಓದಲಿಕ್ಕೆ ಸಿಗುತ್ತೆ, ತಿನ್ನಲಿಕ್ಕೆ ಏನೂ ಇಲ್ಲ. ಖಾನಾವಳಿಯಲ್ಲಿ ತಿನ್ನಲಿಕ್ಕೆ ಎಲ್ಲಾ ಇದೆ, ಚೀಟಿ ಇಲ್ಲ. ಸಣ್ಣ ಖಾನಾವಳಿಗಳ ಮೇಲೆ ಇನ್ನೊಂದು ಕಾನೂನು ಹೇರಿ ಅಂತ ನಾನು ಕೇಳೋದಿಲ್ಲ. ಕಾನೂನು ಬಂದರೆ ಮೊದಲು ಬರೋದು ಇನ್‌ಸ್ಪೆಕ್ಟರ್, ಆಮೇಲೆ ಬರೋದು ಏನು ಅಂತ ನಿಮಗೂ ಗೊತ್ತು.

ಖಾನಾವಳಿ ಮಾಲೀಕರಲ್ಲಿ ನನ್ನದು ಬೇರೆ ವಿನಂತಿ. ಒಂದು ಹಂಚನ್ನು ರೊಟ್ಟಿಗೆ ಅಂತಲೇ ಬೇರೆ ಇಡಿ. ಜೋಳದ ಹಿಟ್ಟಿಗೆ ಮುಚ್ಚಳ ಇರುವ ಡಬ್ಬಿ ಬೇರೆ. ಗಿರಣಿಯಲ್ಲಿ ಜೋಳದ್ದೇ ಬೇರೆ ಕಲ್ಲು ಇದ್ದರೆ ಅಲ್ಲೇ ಬೀಸಿಸಿ. ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೀರಿ: "ಅಚ್ಚ ಜೋಳದ ರೊಟ್ಟಿ, ಗೋಧಿ ಕೂಡಿಸಿಲ್ಲ." ಖರ್ಚು ಎಷ್ಟು? ಒಂದು ಹಂಚು, ಒಂದು ಡಬ್ಬಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ಎಷ್ಟು ಮೇಳ, ಎಷ್ಟು ಭಾಷಣ ಆದವು! ಜೋಳವೂ ಅದರಲ್ಲಿತ್ತು. ಆ ಭಾಷಣಗಳಿಗಿಂತ ಇಂಥ ಒಂದು ಬೋರ್ಡಿನಿಂದ ಜೋಳಕ್ಕೆ ಹೆಚ್ಚು ಮರ್ಯಾದೆ ಬರುತ್ತೆ. ಅದನ್ನು ಓದಿ ರೋಗಿಯೂ ಬರ್ತಾನೆ, ರೋಗ ಇಲ್ಲದ ರುಚಿಗಾರನೂ ಬರ್ತಾನೆ.

ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆ ಆಗ್ತದೆ, ಜನ ಅದನ್ನು ರೊಟ್ಟಿ ಜಾತ್ರೆ ಅಂತಲೇ ಕರೀತಾರೆ. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಜಾತಿ ನೋಡದೆ ಎಲ್ಲರೂ ಸಾಲಾಗಿ ಕೂತು ಉಣ್ಣೋದು. ಊರಿಗೆ ಊರೇ ಸೇರುವ ಜಾತ್ರೆಯಲ್ಲಿ ರೊಟ್ಟಿಯೇ ಪ್ರಸಾದ ಆಗಬಹುದಾದರೆ, ಬೀಗರ ತಾಟಿನಲ್ಲಿ ರೊಟ್ಟಿ ಹೆಂಗೆ ಅವಮಾನ ಆಗುತ್ತೆ ಅಂತ ನನಗಂತೂ ಅರ್ಥ ಆಗಿಲ್ಲ.

ಕಾಯಿಲೆ ಇರುವವರಿಗೂ ಒಂದು ಮಾತು. ಖಾನಾವಳಿಗೆ ಹೋಗಿ "ಗ್ಲುಟೆನ್ ಫ್ರೀ ಇದೆಯಾ" ಅಂತ ಕೇಳಬೇಡಿ. ಅವರಿಗೆ ತಿಳಿಯೋದಿಲ್ಲ, ತಿಳಿಯದಿದ್ದಾಗ "ಹೂಂ ಐತ್ರಿ" ಅಂದುಬಿಡ್ತಾರೆ. ಹನ್ನೆರಡು ಗಂಟೆಗೆ, ಗದ್ದಲ ಶುರುವಾಗೋ ಮುಂಚೆ ಹೋಗಿ. ಒಲೆ ಹತ್ತಿರ ಇರುವವರನ್ನೇ ಮಾತಾಡಿಸಿ. "ಯಕ್ಕಾ, ಗೋಧಿ ತಿಂದ್ರ ನನಗ ಬ್ಯಾನಿ ಆಕ್ಕತಿ. ಡಾಕ್ಟ್ರು ಬ್ಯಾಡ ಅಂದಾರ. ರೊಟ್ಟಿಗೆ ಗೋಧಿ ಹಿಟ್ಟು ಕೂಡಿಸೀರೇನು? ಚಪಾತಿ ಹಂಚು ಬ್ಯಾರೆ ಐತೇನು? ಬ್ಯಾಳಿಗೆ ಇಂಗು ಹಾಕೀರೇನು?" ಅಂತ ಕೇಳಿ. ಬ್ಯಾನಿ ಅನ್ನೋ ಮಾತು ಅವರಿಗೆ ತಿಳಿಯುತ್ತೆ. ಕೂಡಿಸಿದ್ದರೆ ಕೂಡಿಸೀನಿ ಅಂತಾರೆ. ಆಗ ಮೊಸರು, ಬಿಳಿ ಅನ್ನ, ಹಸಿ ಉಳ್ಳಾಗಡ್ಡಿ ತಗೊಂಡು ಉಣ್ಣಿ, ಇಲ್ಲಾ ಅಂದ್ರೆ ಮನೆಯಿಂದ ಒಯ್ದ ಕಟಕ ರೊಟ್ಟಿ ಬಿಚ್ಚಿ. ಕಟಕ ರೊಟ್ಟಿ ವಾರ ಇಟ್ಟರೂ ಕೆಡೋದಿಲ್ಲ. ಹೊರಗಿನ ರೊಟ್ಟಿ ತಂದು ಕೂತರು ಅಂತ ಖಾನಾವಳಿಯವರು ಮುಖ ಸಿಂಡರಿಸಬೇಡಿ, ಪಲ್ಯದ ಕಾಸು ಹೇಗೂ ನಿಮ್ಮದೇ.

ಇನ್ನು ಮದುವೆ ಸೀಸನ್ ಬರ್ತಾ ಇದೆ. ಪಂಕ್ತಿಯಲ್ಲಿ ಯಾರಾದರೂ ಹುಗ್ಗಿಗೆ ಕೈ ಅಡ್ಡ ಹಿಡಿದರೆ, ದಯವಿಟ್ಟು ಸೌಟು ಹಿಂದಕ್ಕೆ ತಗೊಳ್ಳಿ.