ಬೈಕ್ ಕೊಟ್ಟವರು ನಾವು, ಹೆಸರು ಯಾರದ್ದು?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನನ್ನ ಮದುವೆಯಲ್ಲಿ ಗಂಡಿನ ಕಡೆಯವರು ಬೈಕ್ ಬೇಕೆಂದರು. ಅಪ್ಪ ಎರಡು ಎಮ್ಮೆ ಮಾರಿ, ಸೊಸೈಟಿಯಲ್ಲಿ ಸಾಲ ಮಾಡಿ, ಅಳಿಯನ ಹೆಸರಿನಲ್ಲೇ ಕೊಡಿಸಿದರು. ಮೂರನೇ ವರ್ಷ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ತವರಿಗೆ ಬಂದೆ. ಅಪ್ಪ ಇನ್ನೂ ಸಾಲದ ಕಂತು ಕಟ್ಟುತ್ತಿದ್ದರು. ಬೈಕ್ ಕೇಳಿದರೆ ಗಂಡ ಅಂದದ್ದು ಒಂದೇ ಮಾತು: "ಆರ್.ಸಿ.ಯಲ್ಲಿ ನಿನ್ನ ಹೆಸರು ಎಲ್ಲಿದೆ, ತೋರಿಸು."

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಸಂಘದವರು ತಿಳಿಸಿಕೊಟ್ಟರು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಪ್ರಕಾರ, ಮದುವೆಯಲ್ಲಿ ವರದಕ್ಷಿಣೆ ಪಡೆದವರು ಅದನ್ನು ಮೂರು ತಿಂಗಳೊಳಗೆ ಆ ಹೆಣ್ಣಿಗೇ ವರ್ಗಾಯಿಸಬೇಕು, ಇಲ್ಲದಿದ್ದರೆ ಜೈಲು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸ್ತ್ರೀಧನ ಮರಳಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ನಾನು ಅರ್ಜಿ ಹಾಕಿದೆ. ಅಪ್ಪ ಜೋಪಾನ ಮಾಡಿದ್ದ ಷೋರೂಮಿನ ರಸೀದಿಯೇ ಸಾಕ್ಷಿಯಾಯಿತು. ಗಂಡ ಸಹಿ ಹಾಕಿದ.

ಹೆಸರು ಬದಲಾಯಿಸುವುದು ಹೀಗೆ. ಫಾರಂ 29ರಲ್ಲಿ ಕೊಡುವವರು 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಪಡೆಯುವವರು 30 ದಿನದೊಳಗೆ ಫಾರಂ 30 ಸಲ್ಲಿಸಬೇಕು. ಜೊತೆಗೆ ಆರ್.ಸಿ., ವಿಮೆ, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ. ವಾಹನದ ಮೇಲೆ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ವಿಮೆಯಲ್ಲಿಯೂ ಹೆಸರು ಬದಲಿಸಲು ಮರೆಯಬೇಡಿ. ಗಂಡ ತೀರಿಕೊಂಡಿದ್ದರೆ 30 ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಡಬೇಕು.

"ಮತ್ತೆ ತೆರಿಗೆ ಕಟ್ಟಬೇಕಾಗುತ್ತದೆ" ಎಂದು ಹೆದರಿಸುವವರಿದ್ದಾರೆ. ನಂಬಬೇಡಿ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಬೈಕಿಗೆ ಕೊಳ್ಳುವಾಗಲೇ ಜೀವಿತಾವಧಿ ತೆರಿಗೆ ಕಟ್ಟಿರುತ್ತಾರೆ. ರಾಜ್ಯದೊಳಗೆ ಹೆಸರು ಬದಲಾದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ವರ್ಗಾವಣೆ ಶುಲ್ಕ ಮಾತ್ರ. ಗಂಡ, ತಂದೆತಾಯಿ, ಒಡಹುಟ್ಟಿದವರು ಉಡುಗೊರೆ ಕೊಟ್ಟ ವಾಹನಕ್ಕೆ ಪಡೆದವಳು ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ.

ಎರಡು ಎಚ್ಚರಿಕೆ. ವಾಹನ ನಿಮ್ಮ ಹೆಸರಿನಲ್ಲಿದ್ದರೆ ಖಾಲಿ ಫಾರಂ 29, 30ಕ್ಕೆ ಯಾರು ಕೇಳಿದರೂ ಸಹಿ ಹಾಕಬೇಡಿ. ಇನ್ನೊಂದು, ಮಾರಿದ ಮೇಲೆ ಹೆಸರು ಬದಲಾಗದೆ ಅಪಘಾತವಾದರೆ, ಆರ್.ಸಿ.ಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಹಕ್ಕೂ ಹೌದು, ಹೊಣೆಯೂ ಹೌದು.

ವರದಕ್ಷಿಣೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಕೇಳುವುದೂ ಕೊಡುವುದೂ ಅಪರಾಧ. ಮಗಳಿಗೆ ಪ್ರೀತಿಯಿಂದ ಬಂಡಿ ಕೊಡಿಸುವುದಾದರೆ ಅವಳ ಹೆಸರಿನಲ್ಲೇ ಕೊಡಿಸಿ, ಓಡಿಸುವುದನ್ನೂ ಕಲಿಸಿ. ನನ್ನ ಬೈಕನ್ನು ಮಾರಿ ನಾನು ಹೊಲಿಗೆ ಯಂತ್ರ ಕೊಂಡೆ. ಅದರ ರಸೀದಿಯಲ್ಲಿ ನನ್ನ ಹೆಸರಿದೆ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಪೆಟ್ಟಿಗೆ ತೆಗೆದು ಕಾಗದಗಳಲ್ಲಿ ಯಾರ ಹೆಸರಿದೆ, ನೋಡಿ.