ಸಂಶಯಪಡದ ಅಸ್ತ್ರ

ಮಹಾಭಾರತದ ಸೌಪ್ತಿಕಪರ್ವದಲ್ಲಿ ಎರಡು ಮಹಾಸ್ತ್ರಗಳು ಎದುರುಬದುರಾಗುತ್ತವೆ. ವ್ಯಾಸ ನಾರದರು ನಡುವೆ ಬಂದು ನಿಂತಾಗ ಅರ್ಜುನನು ತನ್ನ ಅಸ್ತ್ರವನ್ನು ಉಪಸಂಹರಿಸಿಕೊಂಡನು. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತು, ಹಿಂದೆಗೆದುಕೊಳ್ಳುವುದು ತಿಳಿದಿರಲಿಲ್ಲ. ಅವನ ಅಸ್ತ್ರ ಗರ್ಭದಲ್ಲಿದ್ದ ಶಿಶುವಿನ ಮೇಲೆ ಬಿದ್ದಿತು. ಗುರಿಯನ್ನು ತಾವೇ ಹುಡುಕಿ, ತಾವೇ ಆರಿಸಿ ಕೊಲ್ಲುವ ಇಂದಿನ ಸ್ವಾಯತ್ತ ಶಸ್ತ್ರಗಳ ಮಾತು ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇವುಗಳ ಪರವಾಗಿ ಒಂದು ವಾದವುಂಟು. ಯಂತ್ರಕ್ಕೆ ಭಯವಿಲ್ಲ, ದ್ವೇಷವಿಲ್ಲ, ದಣಿವಿಲ್ಲ. ಸೈನಿಕನು ರೋಷದಲ್ಲಿ ಎಸಗುವ ಕ್ರೌರ್ಯವನ್ನು ಅದು ಎಸಗದು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಯಂತ್ರವು ಸಂಭವವನ್ನು ಲೆಕ್ಕ ಹಾಕಬಲ್ಲದೇ ಹೊರತು, ತನ್ನ ಲೆಕ್ಕದ ಬುಡವೇ ತಪ್ಪಿರಬಹುದೆಂದು ಅಳುಕಲಾರದು.

1983ರ ಸೆಪ್ಟೆಂಬರ್ 26ರ ನಡುರಾತ್ರಿ ಕಳೆದಿತ್ತು. ಮಾಸ್ಕೋ ನಗರದ ದಕ್ಷಿಣಕ್ಕಿದ್ದ ಕಾವಲು ಕೇಂದ್ರವೊಂದರಲ್ಲಿ ಸೋವಿಯತ್ ಸೇನೆಯ ಲೆಫ್ಟಿನೆಂಟ್ ಕರ್ನಲ್ ಸ್ತಾನಿಸ್ಲಾವ್ ಪೆಟ್ರೋವ್ ಕುಳಿತಿದ್ದರು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆಯೆಂದು ಉಪಗ್ರಹ ಸಾರಿತು. ಮತ್ತೆ ನಾಲ್ಕು ಹೊರಟವೆಂದಿತು. ಮಹಾಯುದ್ಧ ಹೂಡುವವರು ಐದೇ ಕ್ಷಿಪಣಿಗಳನ್ನು ಬಿಡುವರೇ? ನೆಲದ ರೇಡಾರುಗಳಿಗೆ ಏನೂ ಕಾಣುತ್ತಿರಲಿಲ್ಲ. ಇದು ಹುಸಿ ಎಚ್ಚರಿಕೆಯೆಂದೇ ಅವರು ಮೇಲಧಿಕಾರಿಗಳಿಗೆ ವರದಿ ಮಾಡಿದರು. ಎತ್ತರದ ಮೋಡಗಳ ಮೇಲಿನ ಬಿಸಿಲ ಹೊಳಪನ್ನು ಉಪಗ್ರಹವು ಕ್ಷಿಪಣಿಯ ಜ್ವಾಲೆಯೆಂದು ಬಗೆದಿತ್ತು.

ಹಾಗಾದರೆ ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದರೆ ಸಾಕಲ್ಲವೇ ಎಂದು ತಾವು ಕೇಳಬಹುದು. ಸಾಲದೆಂದು ನನ್ನ ನಂಬಿಕೆ. 2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧದ ಮೊದಲ ದಿನಗಳಲ್ಲಿ, ಕುವೈತಿನ ನೆಲೆಗೆ ಮರಳುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯು ಶತ್ರುಕ್ಷಿಪಣಿಯೆಂದು ಗುರುತಿಸಿತು. ಅಲ್ಲಿಯೂ ಮನುಷ್ಯರಿದ್ದರು, ನಿರ್ಧಾರಕ್ಕೆ ಅವರಿಗಿದ್ದುದು ಸುಮಾರು ಒಂದು ನಿಮಿಷ. ಹುಸಿ ಎಚ್ಚರಿಕೆಯನ್ನು ಗುರುತಿಸುವ ಕಡೆಗೆ ಅವರ ತರಬೇತಿ ಒತ್ತು ಕೊಟ್ಟಿರಲಿಲ್ಲವೆಂದು ಬ್ರಿಟನ್ನಿನ ತನಿಖೆ ಹೇಳಿತು. ಮಿತ್ರಪಕ್ಷದ ಇಬ್ಬರು ವೈಮಾನಿಕರು ಸತ್ತರು. ಯಂತ್ರ ಹೇಳಿದುದಕ್ಕೆ ಹೂಗುಟ್ಟುವ ಮನುಷ್ಯನು ಕಾವಲುಗಾರನಲ್ಲ, ಯಂತ್ರದ್ದೇ ಒಂದು ಭಾಗ.

ಇನ್ನು ಹೊಣೆಯ ಪ್ರಶ್ನೆ. ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು. ಈ ವಿಷಯಕ್ಕಾಗಿ 2017ರಲ್ಲಿ ಜಿನೀವಾದಲ್ಲಿ ಸೇರಿದ ಸರ್ಕಾರಿ ತಜ್ಞರ ಸಮಿತಿಯ ಮೊದಲ ಅಧ್ಯಕ್ಷರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2019ರಲ್ಲಿ ಒಪ್ಪಿತವಾದ 11 ತತ್ತ್ವಗಳಲ್ಲಿ, ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದೂ ಒಂದು. ಆದರೆ ತತ್ತ್ವವು ಕಾನೂನಲ್ಲ. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ಕುರಿತು ನಿರ್ಣಯ ಮಾಡಿದಾಗ ಭಾರತ ವಿರುದ್ಧ ಮತ ನೀಡಿತು. ಜಿನೀವಾದ ವೇದಿಕೆಯೇ ಇದಕ್ಕೆ ತಕ್ಕದ್ದೆಂಬುದು ನಮ್ಮ ಸರ್ಕಾರದ ವಾದ.

ವೇದಿಕೆ ಯಾವುದೇ ಆಗಲಿ. ಬಿಡುವ ಮುನ್ನ ಯೋಚಿಸಲು ಸಮಯ, ಬೇಡವೆನ್ನಲು ಅಧಿಕಾರ, ಬಿಟ್ಟ ಮೇಲೆ ಉತ್ತರ ಹೇಳುವ ಹೊಣೆ ಇವು ಮನುಷ್ಯನಲ್ಲಿ ಉಳಿಯದಂತೆ ಮಾಡುವ ಶಸ್ತ್ರವನ್ನು ಯಾವ ರಾಷ್ಟ್ರವೂ, ನಮ್ಮದೂ ಸಹ, ಕೈಗೆತ್ತಿಕೊಳ್ಳಬಾರದು.