ಕಲ್ಲಿನ ರಥದ ನೆತ್ತಿಯ ಮೇಲೆ



ಪುಣೆಯ ನಮ್ಮ ಕೋಥರೂಡದಲ್ಲಿ ಕಾಯಿಪಲ್ಲೆಗೆ ಹೋದಾಗ ಐವತ್ತರ ನೋಟು ಕೈಬಿಡುವ ಮುಂಚೆ ಒಮ್ಮೆ ಅದರ ಹಿಂಬದಿ ನೋಡಿ. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಅಲ್ಲಿದೆ. ಪರವೂರಿನಲ್ಲಿ ನೆಲೆನಿಂತ ನಮಗೆ ಅದು ಬೀದಿಯಲ್ಲಿ ಊರಿನವರು ಎದುರಾದ ಹಾಗೆ. ಆ ರಥದ ನೆತ್ತಿ ಈಗ ಬೋಳು. 1856ರಲ್ಲಿ ಹಾಗಿರಲಿಲ್ಲ, ಮೇಲೊಂದು ಇಟ್ಟಿಗೆಯ ಗೋಪುರವಿತ್ತು.

ಇದಕ್ಕೆ ಸಾಕ್ಷಿ ಒಂದು ಫೋಟೋ. ತೆಗೆದವನು ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಆಗಿನ ನೆಗೆಟಿವ್ ಎಂದರೆ ಬೆಳ್ಳಿಯ ಲವಣ ಹಚ್ಚಿದ, ಮೇಣ ಕುಡಿಸಿದ ಕಾಗದ. ಚಿತ್ರವನ್ನು ಹಿಗ್ಗಿಸುವ ಅನುಕೂಲ ಇಲ್ಲದ್ದರಿಂದ ಚಿತ್ರ ಎಷ್ಟು ದೊಡ್ಡದೋ ಕ್ಯಾಮೆರಾವೂ ಅಷ್ಟು ದೊಡ್ಡದು. ಗ್ರೀನ್‌ಲಾನ ಕಾಗದಗಳು ಸುಮಾರು ಒಂದೂವರೆ ಅಡಿ ಉದ್ದದವು! ಅಂಥ ಪೆಟ್ಟಿಗೆಯನ್ನು ಹಂಪಿಯ ಬಂಡೆಗಳ ನಡುವೆ ಹೊತ್ತವರು ಯಾರೋ, ಅವರ ಹೆಗಲನ್ನೂ ನೆನೆಯಬೇಕು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲಿಗೇ ಸಾಧ್ಯ. ಆ ಕಾಲದ ಕ್ಯಾಮೆರಾಕ್ಕೆ ದೇವಸ್ಥಾನ ಒಲಿದದ್ದು ಇದರಿಂದಲೂ ಹೌದು ಎಂದು ನನಗನಿಸುತ್ತದೆ.

ಗ್ರೀನ್‌ಲಾಗಿಂತ ಮುಂಚೆ, 1854ರ ಡಿಸೆಂಬರಿನಲ್ಲೇ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ್ದ. ಕೈಯಿಂದ ನಕ್ಷೆ ಬರೆಸುವುದಕ್ಕಿಂತ ಫೋಟೋ ಬೇಗ, ಅಗ್ಗ ಎಂದು ಈಸ್ಟ್ ಇಂಡಿಯಾ ಕಂಪನಿಗೂ ಮನವರಿಕೆಯಾಯಿತು. 1855ರಲ್ಲಿ ಮುಂಬಯಿ ಸರ್ಕಾರ ಸೇನಾಧಿಕಾರಿ ಥಾಮಸ್ ಬಿಗ್ಸ್‌ನನ್ನು ಇದೇ ಕೆಲಸಕ್ಕೆ ನೇಮಿಸಿತು. ಅವನು ವಿಜಯಪುರ, ಬಾದಾಮಿ, ಐಹೊಳೆ ಸುತ್ತಿದ. ವರ್ಷ ತುಂಬುವ ಮೊದಲೇ ಸೇನೆ ಅವನನ್ನು ವಾಪಸು ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದವನು ವೈದ್ಯ ಪಿಗೂ. ಇವರಿಬ್ಬರ ಜೊತೆ ಡಾಕ್ಟರ್ ನೀಲ್ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಯಿತು.

ಈ ಕಥೆಯಲ್ಲಿ ನಮ್ಮ ಪುಣೆಗೂ ಪಾಲಿದೆ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಕಚೇರಿ ಇದ್ದದ್ದು ಇಲ್ಲಿ. ಹೆನ್ರಿ ಕಸೆನ್ಸ್ ಅದರ ಮುಖ್ಯಸ್ಥನಾಗಿದ್ದ. ಲಕ್ಕುಂಡಿ, ಇಟಗಿ, ಪಟ್ಟದಕಲ್ಲುಗಳನ್ನು ಒಳಗೊಂಡ ಅವನ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರಲ್ಲಿ ಅಚ್ಚಾಯಿತು. ಕನ್ನಡ ಜಿಲ್ಲೆಗಳ ಆ ಗುಡಿಗಳ ಲೆಕ್ಕಪತ್ರ ಒಂದು ಕಾಲದಲ್ಲಿ ಮುಳಾ-ಮುಠಾ ದಂಡೆಯಲ್ಲಿತ್ತು ಎಂಬುದು ನನಗೆ ಇಂದಿಗೂ ಪುಳಕ ತರುವ ಮಾತು.

ಮತ್ತೆ ಆ ರಥದ ಬಳಿಗೆ ಬರೋಣ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ರಥಕ್ಕೆ ಗೋಪುರವಿದೆ, ಹೊಸದರಲ್ಲಿ ಆ ಜಾಗದಲ್ಲಿ ಆಕಾಶ.